ಸತ್ತ ಡಬ್ಬಿ ಕೂಗುವುದಿಲ್ಲ

ಕರೆಂಟು ಏರಿಳಿದು ಮದರ್‌ಬೋರ್ಡು ಸುಟ್ಟಿರಬೇಕು. ಇಲ್ಲವೇ ಒಳಗಿನ ಬಿಲ್ಲೆ ಸೆಲ್ಲು ತೀರಿಹೋಗಿ ಕಂಪ್ಯೂಟರನ್ನು ಎಬ್ಬಿಸುವ ಬಯಾಸ್‌ಗೆ ದಿಕ್ಕು ತಪ್ಪಿರಬೇಕು. ಇಲಿ ವಯರು ಕಡಿದಿರಬೇಕು. ರಸ್ತೆಯ ಕೆಂಪು ಧೂಳು ಫ್ಯಾನಿಗೆ ಮೆತ್ತಿಕೊಂಡಿರಬೇಕು. ಇಟ್ಟಿಗಿ ಊರಿನವರು ಮದುವೆ ಕಾರ್ಡಿಗೆಂದು ತಂದುಕೊಟ್ಟ ಫ್ಲಾಪಿಯಲ್ಲಿ ವೈರಸ್ ಬಂದಿರಬೇಕು. ಹಬ್ಬಕ್ಕೆ ಮೊದಲು ಅದನ್ನು ಬೈಯುತ್ತಲೇ ಆಫ್ ಮಾಡಿದ್ದೆ. ಅದಕ್ಕೆ ಸಿಟ್ಟು ಬಂದಿದ್ದರೂ ಬಂದಿರಬಹುದು.

ದಸರೆಯ ಬನ್ನಿ ಕೊಟ್ಟು ತೆಗೆದುಕೊಂಡ ಮರುದಿನ ಬೆಳಿಗ್ಗೆ, ಕೊಟ್ಟೂರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನನ್ನ ಕಂಪ್ಯೂಟರು ಪರದೆ ಕಪ್ಪಗಿಟ್ಟುಕೊಂಡು ಉದ್ದುದ್ದ ಬೀಪ್ ಹೊಡೆಯುತ್ತಿತ್ತು. ಮೆಮರಿ ಸಿಗದಿದ್ದರೆ ಅದು ಹಾಗೆ ಕೂಗುತ್ತದೆ. ಚಿಂತೆ ಮಾಡುವುದರಲ್ಲಿ ನನ್ನದು ಪಳಗಿದ ಕೈ. ಹಾಲು ಉಕ್ಕದಿದ್ದರೆ ಯಾಕೆ ಉಕ್ಕಲಿಲ್ಲ ಎಂದು ಕೊರಗುವವಳು ನಾನು.

ಆ ಕೋಣೆಯಲ್ಲಿ ಕೂತು ನಾನು ಲಗ್ನಪತ್ರಿಕೆ, ಅರ್ಜಿ ಟೈಪು ಮಾಡುವುದು ಭಾವನವರಿಗೆ ಮೊದಲಿನಿಂದಲೂ ಒಗ್ಗಿರಲಿಲ್ಲ. ಪಕ್ಕದಲ್ಲೇ ಅವರ ಹಿಟ್ಟಿನ ಗಿರಣಿ. ಚೀಲ ಇಡಲು ಜಾಗ ಬೇಕಾಗಿತ್ತು. ಡಬ್ಬಿ ಕೆಟ್ಟರೆ ಕೋಣೆ ಅವರದು, ನಾನು ಅಡುಗೆಮನೆಗೆ.

ಬೀಪ್ ಕೇಳಿ ಬಾಗಿಲಿಗೆ ಬಂದೇಬಿಟ್ಟರು.

"ಏನ್ ತಂಗಿ, ನಿನ್ ಡಬ್ಬಿ ಸೂತಕದ ಮನಿಯಂಗ ಅಳಾಕತ್ತೈತಿ?"

"ಮೆಮರಿ ಕಾಣವಲ್ದು ಅನ್ನಾಕತ್ತೈತ್ರಿ, ಭಾವಾರ."

"ಮುದಿ ಆತು ಬಿಡು. ಸಂಜಿಗೆ ಜ್ವಾಳದ ಚೀಲ ಇಳಸ್ತೀನಿ. ಟೇಬಲ್ ಒಳಗ ತಗೊಂಡು ಹೋಗು."

"ಸಂಜಿ ಇನ್ನಾ ಆಗಿಲ್ಲಲ್ರಿ."

ದನಿ ಗಟ್ಟಿಯಾಗಿಯೇ ಬಂತು.

ಕಂಪ್ಯೂಟರು ಮಾರಿದ ಹಗರಿಬೊಮ್ಮನಹಳ್ಳಿಯವನಿಗೆ ಫೋನು ಹಚ್ಚಿದೆ. "ಬಯಾಸ್ ಸತ್ತೈತ್ರಿ ಅಕ್ಕಾರ. ಹೊಸಾ ಬೋರ್ಡ್ ಹಾಕ್ಸೂದೊಂದ ದಾರಿ," ಎಂದ.

"ಸತ್ತದ್ದು ಕೂಗತೈತೇನೋ, ತಮ್ಮಾ?" ಎಂದು ಫೋನಿಟ್ಟೆ. ಬಯಾಸ್ ಜೀವಂತ ಇರುವುದಕ್ಕೇ ತಾನೇ ಮೆಮರಿ ಇಲ್ಲವೆಂದು ಬಾಯಿ ಬಡಿದುಕೊಳ್ಳುತ್ತಿರುವುದು!

ಪ್ಲಗ್ಗು ಕಿತ್ತು, ಡಬ್ಬಿಯ ಪಕ್ಕದ ತಗಡು ಬಿಚ್ಚಿದೆ. ಸೆಲ್ಲು ತೆಗೆದು, ಸ್ವಲ್ಪ ಹೊತ್ತು ಬಿಟ್ಟು, ಹಾಕಿದೆ. ಬೀಪ್. ಮೆಮರಿ ಪಟ್ಟಿ ಹೊರತೆಗೆದು ಅದರ ಬಂಗಾರದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ತಿಕ್ಕಿದೆ. ಪಟ್ಟಿಯ ಮೇಲೆ ಮೂರು ಬೆರಳಿನ ಬಿಳಿ ಗೆರೆಗಳಿದ್ದವು. ನಮ್ಮ ಮನೆಯಲ್ಲಿ ಒರಳಿಗೂ ಇರುತ್ತವೆ. ಕಣ್ಣಿಗೆ ಬಿದ್ದರೂ ಮನಸ್ಸಿಗೆ ಬೀಳಲಿಲ್ಲ. ಮತ್ತೆ ಕೂರಿಸಿದೆ. ಬೀಪ್.

ಅಷ್ಟರಲ್ಲಿ ಹಮಾಲಿಯೊಬ್ಬ ಬೆನ್ನ ಮೇಲೆ ಚೀಲ ಹೊತ್ತು ಹೊಸ್ತಿಲಿಗೆ ಬಂದ, ಹಿಂದೆ ಭಾವನವರು. ಸಂಜೆಯ ತನಕ ಕಾಯುವ ತಾಳ್ಮೆ ಅವರಿಗೆಲ್ಲಿ!

"ಒಳಗ ಕಾಲಿಟ್ರ ನೋಡ್ರಿ," ಎಂದೆ. ಹಮಾಲಿ ಅಲ್ಲೇ ನಿಂತ. ನನ್ನ ಕೈಯಲ್ಲಿ ಸ್ಕ್ರೂಡ್ರೈವರ್ ಇದ್ದದ್ದು ಒಳ್ಳೆಯದೇ ಆಯಿತು.

"ಎಷ್ಟು ಹಟಾ ಲೇ ಈಕೀದು," ಎಂದು ಭಾವನವರು ಅವನಿಗೆ ಹೇಳಿದರು.

ಪಟ್ಟಿಯನ್ನು ಪಕ್ಕದ ಖಾಲಿ ಸ್ಲಾಟಿಗಿಟ್ಟು, ಎರಡೂ ಕಡೆಯ ಕ್ಲಿಪ್ಪು ಟಕ್ ಎನ್ನುವವರೆಗೆ ಒತ್ತಿ, ಬಟನ್ ಅದುಮಿದೆ. ಒಂದೇ ಒಂದು ಸಣ್ಣ ಬೀಪ್. ಪರದೆ ಬೆಳಗಿತು, ಮೆಮರಿ ಎಣಿಸಿಕೊಂಡಿತು, ತಾರೀಖು ತಪ್ಪಿದೆ ಎಂದು ತಕರಾರು ತೆಗೆಯಿತು. ತೆಗೆಯಲಿ, ಸೆಲ್ಲು ಕಿತ್ತವಳು ನಾನೇ ತಾನೇ.

ಆಫ್ ಮಾಡಿ ಹಳೆಯ ಸ್ಲಾಟಿನೊಳಗೆ ಟಾರ್ಚು ಬಿಟ್ಟೆ. ತಳದಲ್ಲಿ ಬೆಳ್ಳಗೆ ಏನೋ ಗಟ್ಟಿಯಾಗಿ ಕೂತಿತ್ತು. ಆಗ ಆಯುಧ ಪೂಜೆಯ ದಿನ ನೆನಪಾಯಿತು. "ಗಿರಣಿ ಮೋಟರಿಗೆ ಒಳಗ ಹಚ್ಚತೀನಿ. ಬರೇ ತಗಡಿಗೆ ಹಚ್ಚಿದ್ರ ಅದೆಂಥಾ ಪೂಜಿ?" ಎಂದು ಹಟ ಹಿಡಿದು ಈ ಡಬ್ಬಿ ಬಿಚ್ಚಿಸಿ, ಒಳಗೆ ಒದ್ದೆ ಕೈಯಾಡಿಸಿದವರು ಭಾವನವರೇ.

ಬ್ರಶ್ಶಿನಿಂದ ಕೆರೆದು ಕಾಗದಕ್ಕೆ ಉದುರಿಸಿಕೊಂಡು ಅವರ ಮುಂದೆ ಹಿಡಿದೆ.

"ನಿಮ್ದ ಐತ್ರಿ. ಹಚ್ಕೋರಿ."

ಅವರು ಕಾಗದ ನೋಡಿದರು, ನನ್ನನ್ನು ನೋಡಿದರು. ಹಣೆಗಿಟ್ಟುಕೊಂಡು, "ಚೀಲ ಗಿರಣ್ಯಾಗ ಇಳಸೋ ಲೇ," ಎಂದು ಹಮಾಲಿಗೆ ಗದರಿಕೊಂಡು ಹೊರಟರು.

ಬೋರ್ಡಲ್ಲ, ಬಯಾಸಲ್ಲ, ಇಲಿಯಲ್ಲ, ಇಟ್ಟಿಗಿಯವರ ಫ್ಲಾಪಿಯಂತೂ ಅಲ್ಲವೇ ಅಲ್ಲ. ಚಿಟಿಕೆ ವಿಭೂತಿ.