ನೆತ್ತಿ ಮ್ಯಾಲ ಬಿದ್ದ ಹಲ್ಲಿ, ಮನಿ ಬಿಡಬೇಕಾಗಿದ್ದ ಬೆಕ್ಕು

ಕೂಕಟ್‌ಪಲ್ಲಿಗೆ ಮೆಟ್ರೋ ಹೊಸದಾಗಿ ಬಂದಿದ್ದ ವರ್ಷ. ನಾನಾಗ ಅಲ್ಲೇ ಒಂದು ಸಣ್ಣ ಕ್ಲಿನಿಕ್‌ನ್ಯಾಗ ವೆಟರ್ನರಿ ಡಾಕ್ಟರ್. ಅಂದ್ರ ನಾಯಿ-ಬೆಕ್ಕಿನ ಡಾಕ್ಟರ್. ಒಂದಿನ ಶೋಭಾ ಅನ್ನೋ ಕಲಬುರಗಿ ಕಡೆ ಹೆಣ್ಮಗಳು ಬುಟ್ಟಿಯೊಳಗ ಬೆಕ್ಕು ಹಿಡ್ಕೊಂಡು ಬಂದ್ಲು. ನಾನೂ ಕನ್ನಡದಾಕಿ ಅಂತ ಗೊತ್ತಾದ ಕೂಡಲೇ ತೆಲುಗು ಬಿಟ್ಟು ಕನ್ನಡದಾಗ ಅಳಾಕ ಶುರು ಮಾಡಿದ್ಲು.

“ಡಾಕ್ಟ್ರ, ಇದು ಹಲ್ಲಿ ಬೆನ್ನು ಹತ್ತೂದು ಬಿಡೂಹಂಗ ಒಂದು ಇಂಜೆಕ್ಷನ್ ಕೊಡ್ರಿ. ಇಲ್ಲಾಂದ್ರ ಐತ್ವಾರ ನಮ್ಮತ್ತಿ ಇದನ್ನ ಮಾರ್ಕೆಟ್‌ನ್ಯಾಗ ಬಿಟ್ಟು ಬರಸ್ತಾರ.”

ಬೆಕ್ಕಿನ ಹೆಸರು ರಾಣಿ. ಸಂಜಿಗೆ ಟ್ಯೂಬ್‌ಲೈಟ್ ಹಾಕಿದ್ರ ಹುಳ ಬರ್ತಾವ, ಹುಳಕ್ಕ ಹಲ್ಲಿ ಬರ್ತಾವ, ಹಲ್ಲಿಗೆ ರಾಣಿ ಅಲಮಾರಿ ಮ್ಯಾಲ ಹಾರತಾಳ. ಗಾಬರಿಯಾದ ಹಲ್ಲಿ ಕೆಳಗ ಕುಂತವರ ಮ್ಯಾಲ ಬೀಳತೈತಿ. ಒಮ್ಮೆ ಅತ್ತಿ ಭುಜದ ಮ್ಯಾಲ ಬಿದ್ದಾಗ ಅವರು ಪಂಚಾಂಗ ತೆಗೆದು ನೋಡಿ, ಲಾಭ ಐತಿ ಅಂತ ರಾಣಿಗೆ ಹಾಲಿನ ಕೆನಿ ಹಾಕಿದ್ರಂತ. ಈ ವಾರ ನೆತ್ತಿ ಮ್ಯಾಲೇ ಬಿತ್ತು. ಅದರ ಫಲ ಭಾಳ ಕೆಟ್ಟದ್ದು. ಹಸಿವಿಗೆ ಹಾರತೈತಿ ಅಂತ ತಿಳಿದು ಶೋಭಾ ಮೊದಲಿಂದಾನ ಮೂರು ಹೊತ್ತು ಹಾಲು-ರೊಟ್ಟಿ ಹಾಕತಿದ್ಲು. ರಾಣಿ ದಪ್ಪಾದ್ಲು, ಅಲಮಾರಿ ಹತ್ತೂದು ಬಿಡಲಿಲ್ಲ.

ಸಂಜಿಗೆ ಅವರ ಮನಿಗೇ ಹೋದೆ. ಅತ್ತಿ ಸಿದ್ದವ್ವ ಚಾ ಕೊಟ್ರು, ಬೆಕ್ಕಿಗೆ ಬೆನ್ನು ಮಾಡಿ ಕುಂತ್ರು.

“ಅವ್ವಾರ, ಅದಕ್ಕ ಹಸಿವಿಲ್ರಿ,” ಅಂದೆ. “ಹಸಿವು ಬ್ಯಾರೆ, ಬೇಟೆ ಬ್ಯಾರೆ. ಸಣ್ಣದೇನರ ಸರ್ರಂತ ಸರದ್ರ ಬೆಕ್ಕಿನ ಕಾಲು ತಾನಾಗೇ ಏಳತೈತಿ. ಇದಕ್ಕ ಇನ್‌ಸ್ಟಿಂಕ್ಟ್ ಅಂತೀವಿ. ಹುಟ್ಟಿನಿಂದ ಬಂದದ್ದು.”

“ಹುಟ್ಟಿನಿಂದ ಬಂದದ್ದಕ್ಕ ನನ್ನ ತಲೀನೇ ಯಾಕ ಬೇಕ್ರಿ?”

“ನೀವು ಟ್ಯೂಬ್‌ಲೈಟ್ ಕೆಳಗೇ ಕುಂದರತೀರಿ.”

“ಟಿವಿ ಅಲ್ಲಿಂದಾನ ಛಲೋ ಕಾಣತೈತಿ.”

ಇಂಜೆಕ್ಷನ್ ಬರೀಲಿಲ್ಲ. ದಾರಕ್ಕ ಒಂದು ಗರಿ ಕಟ್ಟಿ ಕೊಟ್ಟೆ. ಲೈಟ್ ಹಾಕೂಕಿಂತ ಮೊದಲ ಆಡಿಸ್ರಿ, ದಣಿದ ಮ್ಯಾಲ ಊಟ ಹಾಕ್ರಿ ಅಂದೆ. ಓಡಿ, ಹಿಡಿದು, ತಿಂದ್ರ ಬೆಕ್ಕಿನ ಲೆಕ್ಕದಾಗ ಅವತ್ತಿನ ಡ್ಯೂಟಿ ಮುಗೀತು. ಹೋಗಿ ಮಲಗತೈತಿ.

“ಈ ವಯಸ್ಸಿನ್ಯಾಗ ನಾ ಬೆಕ್ಕಿನ ಮುಂದ ದಾರ ಕುಣಿಸ್ಲೇನ್ರಿ?”

“ನೀವಲ್ರಿ, ಶೋಭಾ ಕುಣಿಸ್ತಾಳ.”

“ಐತ್ವಾರದ ತನಕ ನೋಡೂಣು,” ಅಂದ್ರು ಸಿದ್ದವ್ವ.

ಸೋಮವಾರ ಶೋಭಾನ ಫೋನ್ ಬಂತು. ಹೆದರಿಕೊಂಡೇ ಎತ್ತಿದೆ.

“ರಾಣಿ ಅದಾಳೇನವ್ವಾ?”

“ಅದಾಳ್ರಿ. ನನಗ ಕುಣಿಸಾಕ ಬರಂಗಿಲ್ಲಂತ ಅತ್ತೀನೇ ದಾರ ಕಸ್ಗೊಂಡಾರ್ರಿ. ನೀವು ಹೇಳಿದಂಗ ಆಡಿ, ಉಂಡು ಮಲಗತಾಳ.”

“ಮತ್ತೇನು ತೊಂದ್ರಿ?”

“ಸೀರಿಯಲ್‌ಗೆ ಇನ್ನೂ ಟೈಮ್ ಐತಿ ಅಂತ ಅತ್ತಿ ಆಕಿನ್ನ ಎಬ್ಬಸಾಕತ್ತಾರ್ರಿ.”

ಬೆಕ್ಕಿನ ಬೇಟೆ ಬಿಡಿಸೂ ಔಷಧ ಯಾವ ಅಂಗಡ್ಯಾಗೂ ಇಲ್ಲ, ಬ್ಯಾರೆ ಬೇಟೆ ಕೊಡಬೇಕಷ್ಟ. ಆ ಕೇಸ್ ಆದ ಮ್ಯಾಲ ಗರಿ ಕಟ್ಟಿದ ದಾರ ನಾ ಬೆಕ್ಕು ತಂದವರಿಗೆ ಕೊಡೂದಿಲ್ಲ. ಮನ್ಯಾಗ ಬೆಕ್ಕಿನ ಮ್ಯಾಲ ಯಾರಿಗೆ ಸಿಟ್ಟು ಜಾಸ್ತಿ ಐತಿ ಅಂತ ಕೇಳಿ, ಅವರ ಕೈಗೇ ಕೊಡ್ತೀನಿ.