ಮೊಣಕೈ ಅಳತೆಯ ಹಸಿರು

ಗುಲ್ಷನ್ ಅವರಿಗೆ ಕೆರೆ ಇಲ್ಲ. ಇರುವುದು ಅಜ್ಜಂಪುರದ ಅಂಚಿನಲ್ಲಿ, ಇಟ್ಟಿಗೆಗೆ ಮಣ್ಣು ತೆಗೆದು ಬಿಟ್ಟ ಎರಡು ಗುಂಡಿ. ಅವುಗಳಲ್ಲೇ ಕಾಟ್ಲಾ ಮೀನಿನ ಮರಿ ಬೆಳೆಸಿ, ಕೃಷಿ ಹೊಂಡ ಇರುವ ರೈತರಿಗೆ ಮಾರುತ್ತಾರೆ.

ಇನ್ನೂ ಬೆಳಕು ಹರಿದಿಲ್ಲ. ಒಂದು ಗುಂಡಿಯಲ್ಲಿ ಮರಿಗಳು ಮೇಲಕ್ಕೆ ಬಂದು ಬಾಯಿ ಬಿಡುತ್ತಿವೆ. ಗುಲ್ಷನ್ ಬಳೆ ಸರಿಸಿ, ಬ್ಯಾಟರಿ ಬೆಳಕಿನಲ್ಲಿ ತೋಳು ಇಳಿಬಿಡುತ್ತಾರೆ. ಮೊಣಕೈವರೆಗೆ ಮುಳುಗಿದಾಗ ಅಂಗೈ ಮಸುಕಾದರೆ ನೀರು ಹದವಾಗಿದೆ ಎಂದರ್ಥ. ಇವತ್ತು ಮಣಿಕಟ್ಟು ಮುಳುಗುವಷ್ಟರಲ್ಲೇ ಅಂಗೈ ಕಾಣುವುದಿಲ್ಲ, ನೀರು ಅಷ್ಟು ದಟ್ಟ ಹಸಿರು.

"ಗೊಬ್ಬರ ಯಾರು ಹಾಕಿದ್ದು?"

"ಹೋದ ವಾರ ನೀನು ತರೀಕೆರೆಗೆ ಮದ್ವೆಗೆ ಹೋಗಿದ್ದಾಗ ಯಗಟಿ ಊರಿನ ಬೆನಕಪ್ಪಣ್ಣ ಬಂದಿದ್ರು," ಎನ್ನುತ್ತಾರೆ ಗಂಡ ಶೌಕತ್ ಅಲಿ. "ತಾವು ತಗೊಳ್ಳೋ ಮರಿ ದಪ್ಪ ಆಗ್ಲಿ ಅಂತ ತಮ್ಮ ಕುರಿಗಳ್ದೇ ಒಂದು ಚೀಲ ಗೊಬ್ಬರ ಸುರಿದ್ರು. ದೊಡ್ಡೋರು, ಬ್ಯಾಡ ಅನ್ನೋಕಾಯ್ತದಾ?"

ಗೊಬ್ಬರ ಇಲ್ಲದೆ ಪಾಚಿ ಇಲ್ಲ. ಪಾಚಿ ಇಲ್ಲದೆ ಅದನ್ನು ತಿನ್ನುವ ನೀರುಹುಳು ಇಲ್ಲ, ಮರಿಗೆ ಊಟವೂ ಇಲ್ಲ. ಆದರೆ ಪಾಚಿ ಮಿತಿಮೀರಿದರೆ, ಹಗಲೆಲ್ಲ ನೀರಿಗೆ ಆಮ್ಲಜನಕ ಕೊಟ್ಟದ್ದೇ ರಾತ್ರಿಯೆಲ್ಲ ಅದನ್ನು ಹೀರುತ್ತದೆ. ಬಿಸಿಲು ಬರುವವರೆಗೆ ಮರಿಗಳನ್ನು ಉಳಿಸಿಕೊಳ್ಳಬೇಕು.

ಪಕ್ಕದ ಗುಂಡಿಯಲ್ಲಿ ಮುಂದಿನ ಮರಿಗಳಿಗೆಂದು ತುಂಬಿಸಿದ ತಿಳಿನೀರಿದೆ. ಗಂಡ ಹೆಂಡತಿ ಅದನ್ನೇ ಮೊಗೆದು, ನೀರಿಗೆ ಗಾಳಿ ಬೆರೆಯಲೆಂದು ಕೊಡ ಎತ್ತರಕ್ಕೆ ಹಿಡಿದು ಮರಿಗಳ ಗುಂಡಿಗೆ ಸುರಿಯುತ್ತಾರೆ. ಗುಲ್ಷನ್ ಇದೇ ಜಾಗದಲ್ಲಿ ಇಟ್ಟಿಗೆ ಹೊತ್ತವರು. ಭಟ್ಟಿ ನಿಂತ ಮೇಲೆ ಮೀನಿಗೆ ಬಂದರು. "ಮೊದಲ್ನೇ ವರ್ಷ ನಾನೂ ಆಸೆಗೆ ಗೊಬ್ಬರ ಜಾಸ್ತಿ ಹಾಕ್ದೆ. ಬೆಳಗ್ಗೆ ಎದ್ದು ನೋಡಿದ್ರೆ ಒಂದೂ ಉಳಿದಿರ್ಲಿಲ್ಲ."

ಬಿಸಿಲು ಬೀಳುತ್ತದೆ. ಸ್ವಲ್ಪ ಹೊತ್ತಿಗೆ ಮರಿಗಳು ಒಂದೊಂದಾಗಿ ಕೆಳಗಿಳಿಯುತ್ತವೆ. ಗುಲ್ಷನ್ ಕೊಡ ಕೆಳಗಿಟ್ಟು ಕೂರುತ್ತಾರೆ.

ಮರಿ ಒಯ್ಯಲು ಬೆನಕಪ್ಪ ಬಸ್ಸಿಳಿದು ಬರುತ್ತಾರೆ. ಕೈಯಲ್ಲಿ ಮತ್ತೊಂದು ಗೊಬ್ಬರದ ಚೀಲ.

"ಇವು ನಿಮ್ಮ ಕುರಿಮರಿ ಅಲ್ಲ ಕಣಣ್ಣ. ಉಣ್ಸಿ ಉಣ್ಸಿ ಉಸಿರು ಕಟ್ಟಿಸ್ಬಿಟ್ರಿ."

"ಒಳ್ಳೇದಕ್ಕೇ ಹಾಕ್ದೆ ಕಣಮ್ಮ." ಬೆನಕಪ್ಪ ಚೀಲವನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸುತ್ತಾರೆ. "ಈಗ ತಗೊಂಡ್ಹೋಗ್ಲಾ?"

"ಇಲ್ಲ. ಸುಸ್ತಾದ ಮರಿ ನಿಮ್ಮೂರ ದಾರೀಲಿ ಬೀರೂರೂ ದಾಟಲ್ಲ. ಮುಂದಿನ ವಾರ ಬನ್ನಿ. ಬರಿಗೈಲಿ ಬನ್ನಿ."

ಶೌಕತ್ ಅಲಿ ನಗುತ್ತಾರೆ. ಬೆನಕಪ್ಪನೂ ನಗುತ್ತಾರೆ.

ಗೊಬ್ಬರ ಬೇಡವಾದರೆ ಇನ್ನೇನು ಬೇಕು ಎಂದು ಬೆನಕಪ್ಪ ಕೇಳಿದರೆ ಗುಲ್ಷನ್ ಅರ್ಧ ಖಾಲಿಯಾದ ಪಕ್ಕದ ಗುಂಡಿ ತೋರಿಸುತ್ತಾರೆ. "ಇನ್ನೊಂದು ಗುಂಡಿ. ತಿಳಿನೀರಿಗೆ ಅಂತ್ಲೇ. ಸಾಕು."

ಆಮೇಲೆ ಸಣ್ಣ ಬಲೆ ಹಿಡಿದು ಸತ್ತ ಮರಿಗಳನ್ನು ಆಯುತ್ತಾರೆ. ದಡದಲ್ಲಿ ಕುಕ್ಕರುಗಾಲಲ್ಲಿ ಕೂತು ಎಣಿಸುವ ಕೆಲಸ ಬೆನಕಪ್ಪನದು. ಗುಂಡಿಯಲ್ಲಿದ್ದದ್ದು ನಾಲ್ಕು ಸಾವಿರ. ಸತ್ತದ್ದು ಹತ್ತೊಂಬತ್ತು.