ಗೌರಕ್ಕನ ಫೋನಿನ ಹಸಿರು ದೀಪ

ಫೋನ್ ರಿಂಗ್ ಆಗಲಿಲ್ಲ. ಅದರ ಮೂಲೆಯಲ್ಲಿ ಒಂದು ಹಸಿರು ದೀಪ ಮಾತ್ರ ಹೊತ್ತಿಕೊಂಡಿತು.

ಹೊರಗೆ ಇಂಗ್ಲೆಂಡಿನ ಕೊವೆಂಟ್ರಿಯ ಮಂಜು. ಎದುರಿನ ಟೈರ್ ಅಂಗಡಿಯೂ ಕಾಣುತ್ತಿರಲಿಲ್ಲ. ಒಳಗೆ ಗೌರಕ್ಕನ ಜೋಳದ ರೊಟ್ಟಿಯ ಹಬೆ... ಮೊದಲ ಟ್ರೇನ್ ಹಿಡಿದು ಬಂದಿದ್ದೆ, ಅರ್ಧ ನಿದ್ದೆ. ನಾನು ಯಾವ ದೇಶದಲ್ಲಿದ್ದೇನೆ ಎನ್ನುವುದೇ ಸ್ವಲ್ಪ ಹೊತ್ತು ಮರೆತುಹೋಗಿತ್ತು.

ಆಗ ನಾನು ಬರ್ಮಿಂಗ್‌ಹ್ಯಾಮಿನ ಒಂದು ಪುಟ್ಟ ಕಂಪನಿಯಲ್ಲಿದ್ದೆ. ಅಂಗಡಿ, ಆಫೀಸುಗಳ ಹಳೆಯ ಫೋನ್ ಲೈನ್ ತೆಗೆದು ಇಂಟರ್ನೆಟ್ ಲೈನ್ ಹಾಕಿಕೊಡುವುದು ಕೆಲಸ. ಮೈಸೂರಿನಲ್ಲಿ ಅಮ್ಮ ಕೇಳಿದವರಿಗೆಲ್ಲ "ಮಗಳು ಫೋನ್ ರಿಪೇರಿ ಮಾಡ್ತಾಳೆ" ಎಂದು ಹೇಳಿ ಮುಗಿಸುತ್ತಿದ್ದರು.

ಗೌರಕ್ಕ ಇಳಕಲ್ಲಿನವರು. ಕೊವೆಂಟ್ರಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ತಗಡಿನ ಸೂರಿನ ಒಂದು ಯೂನಿಟ್ ಬಾಡಿಗೆಗೆ ಹಿಡಿದು, ನಮ್ಮ ಕಡೆಯ ಸ್ಟೂಡೆಂಟ್‌ಗಳಿಗೆ ಊಟದ ಡಬ್ಬಿ ಕಳಿಸುತ್ತಿದ್ದರು. ಅಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ. ಹುಡುಗರೆಲ್ಲ ಒಟ್ಟಿಗೆ ಫೋನ್ ಮಾಡಿದರೆ ಇದ್ದ ಲೈನೂ ಎಂಗೇಜ್.

ನಾನು ಹಳೆಯ ನಂಬರನ್ನೇ ಇಂಟರ್ನೆಟ್ ಲೈನಿಗೆ ತಂದೆ. ಎಷ್ಟು ಜನ ಮಾಡಿದರೂ ಸಿಸ್ಟಮ್ ತಕ್ಷಣ ಎತ್ತಿಕೊಂಡು, ರೆಕಾರ್ಡ್ ಮಾಡಿದ ದನಿ ಕೇಳಿಸುವ ಹಾಗೆ ಸೆಟ್ ಮಾಡಿದೆ. ದನಿ ಗೌರಕ್ಕನದೇ.

"ನಮಸ್ಕಾರ್ರೀ. ಇದು ಗೌರಕ್ಕನ ಅಡಗಿಮನಿ. ಊಟ ಬೇಕಂದ್ರ ಒಂದು ಒತ್ರಿ. ಏನರ ಕೇಳೂದಿದ್ರ ಎರಡು ಒತ್ರಿ. ಹಸಕೊಂಡು ಇರಬ್ಯಾಡ್ರಿ."

ಕೊನೆಯ ಮಾತು ನಾನು ಬರೆದುಕೊಟ್ಟದ್ದಲ್ಲ. ಹಿಂದೆ ಕುಕ್ಕರ್ ಕೂಗಿದ್ದು ಬೇರೆ ರೆಕಾರ್ಡ್ ಆಗಿತ್ತು. ಇನ್ನೊಮ್ಮೆ ಹೇಳಿ ಅಂದರೆ, "ಅಡಗಿಮನಿ ಅಂದಮ್ಯಾಲೆ ಸೀಟಿ ಹೊಡಿಯೂದನ" ಎಂದು ರೊಟ್ಟಿ ತಟ್ಟಲು ಹೊರಟೇಹೋದರು.

ಆ ವಾರವೇ ನನಗೆ ಅವರ ಫೋನ್. "ಯವ್ವಾ, ಫೋನ್ ಕೆಟ್ಟೈತಿ ನೋಡು."

ಆಫೀಸಿನಿಂದಲೇ ಚೆಕ್ ಮಾಡಿದೆ. ಎಲ್ಲ ಸರಿಯಿದೆ, ಆರ್ಡರ್‌ಗಳು ಬರುತ್ತಿವೆ. ಮತ್ತೇನು ಕೆಟ್ಟಿದೆ ಎಂದು ಕೇಳಿದೆ.

"ನೀಲಾನ ಮಿಸ್ಡ್ ಕಾಲ್ ಬರವಲ್ದು."

ನೀಲಾ ಅವರ ತಂಗಿ, ಇಳಕಲ್ಲಿನಲ್ಲೇ ಇದ್ದಾರೆ. ನೀಲಾ ಅವರ ಮಗಳ ಮದುವೆಯ ಹೊತ್ತಿಗೆ ಗೌರಕ್ಕನ ಪಾಸ್‌ಪೋರ್ಟ್ ವೀಸಾ ರಿನ್ಯೂವಲ್‌ಗೆ ಹೋಗಿತ್ತು, ಊರಿಗೆ ಹೋಗಲಾಗಲಿಲ್ಲ. ಇರುವ ಒಬ್ಬ ಅಕ್ಕನೂ ಬರಲಿಲ್ಲವೆಂದು ತಂಗಿ ಮಾತು ಬಿಟ್ಟರು. ನನ್ನ ಮಾತು ನಂಬಲಿಲ್ಲವಲ್ಲ ಎಂದು ಅಕ್ಕನೂ ಬಿಟ್ಟರು. ವರ್ಷಗಳೇ ಆಗಿದ್ದವು.

ಆದರೆ ಮಿಸ್ಡ್ ಕಾಲ್ ಮಾತ್ರ ಬಿಟ್ಟಿರಲಿಲ್ಲ. ಅಲ್ಲಿ ಅಡುಗೆ ಮುಗಿಯುವ, ಇಲ್ಲಿ ರೊಟ್ಟಿ ಶುರುವಾಗುವ ಹೊತ್ತಿಗೆ ನೀಲಾ ಒಂದು ರಿಂಗ್ ಕೊಟ್ಟು ಕಟ್ ಮಾಡುವರು. ಗೌರಕ್ಕ ಒಂದು ರಿಂಗ್ ವಾಪಸ್ ಕೊಡುವರು. ಇದ್ದೀನಿ ಅಂತ, ಅಷ್ಟೇ.

"ಅಕಿಗೆ ಬಿಪಿ ಐತಿ. ಏನರ ಆಗಿದ್ರ?"

ಊರಿನಲ್ಲಿ ಯಾರನ್ನಾದರೂ ಕೇಳಬಹುದಲ್ಲ ಎಂದೆ. "ಕೇಳಿದ್ರ, ನಾ ಕೇಳೀನಿ ಅಂತ ಅಕಿಗೆ ಗೊತ್ತಾಗ್ತೈತಿ" ಎಂದರು. ಹಟ ಅಂದರೆ ಹೀಗಿರಬೇಕು.

ಫೋನ್ ಇಟ್ಟ ಮೇಲೆ ತಲೆಗೆ ಹೊಳೆಯಿತು. ಸಿಸ್ಟಮ್ ರಿಂಗ್ ಆಗಲು ಬಿಡದೆ ಎತ್ತಿಬಿಡುತ್ತದೆ, ಲೈನಿನಲ್ಲಿ ಯಾರಾದರೂ ಇರುವಷ್ಟು ಹೊತ್ತು ಫೋನಿನ ಹಸಿರು ದೀಪ ಮಾತ್ರ ಉರಿಯುತ್ತದೆ. ಇನ್ನು ಮಿಸ್ಡ್ ಕಾಲ್ ಎಲ್ಲಿಂದ ಬರಬೇಕು? ಒಂದು ಕಾಲ್ ಕೂಡ ಮಿಸ್ ಆಗಬಾರದು ಎಂದು ಟ್ರೇನಿಂಗಿನಲ್ಲಿ ಹೇಳಿಕೊಟ್ಟಿದ್ದರು. ಮಿಸ್ಡ್ ಕಾಲ್‌ಗಾಗಿಯೇ ಕಾದು ಕೂರುವವರಿದ್ದಾರೆ ಎಂದು ಯಾರೂ ಹೇಳಿರಲಿಲ್ಲ. ಹಾಸ್ಟೆಲಿನಿಂದ ಅಮ್ಮನಿಗೆ ರಿಂಗ್ ಕೊಟ್ಟೇ ಓದು ಮುಗಿಸಿದ ನನಗಾದರೂ ನೆನಪಾಗಬೇಡವೇ?

ಆದರೂ ನೀಲಾ ನಿಜವಾಗಿ ಫೋನ್ ಮಾಡುತ್ತಿದ್ದಾರೋ ಇಲ್ಲವೋ, ಕಣ್ಣಾರೆ ನೋಡಬೇಕಿತ್ತು. ಅದಕ್ಕೇ ಮಾರನೆಯ ಬೆಳಿಗ್ಗೆ ಆ ಮಂಜಿನಲ್ಲಿ ಬಂದು, ಲ್ಯಾಪ್‌ಟಾಪ್ ತೆರೆದು ಕೂತಿದ್ದೆ.

ಹಸಿರು ದೀಪ ಹೊತ್ತಿತು. ಸ್ಕ್ರೀನಿನಲ್ಲಿ ಬಂದ ನಂಬರ್ ಓದಿ ಹೇಳಿದೆ. ಗೌರಕ್ಕನ ಕೈ ಹಿಟ್ಟಿನಲ್ಲೇ ನಿಂತಿತು.

"ಅಕಿದ."

ಇದ್ದಾಳೆ. ಅವರಿಗೆ ಅಷ್ಟು ಸಾಕಿತ್ತು. ಕಣ್ಣೊರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಹಿಟ್ಟು ಮಾಡಿಕೊಂಡರು.

ಆದರೆ ದೀಪ ಆರಲಿಲ್ಲ... ನೀಲಾ ಕಟ್ ಮಾಡಲಿಲ್ಲ. ರೆಕಾರ್ಡ್ ಪೂರ್ತಿ ಮುಗಿದ ಮೇಲೆ ಆರಿತು. ಸ್ವಲ್ಪ ಹೊತ್ತಿಗೆ ಮತ್ತೆ ಹೊತ್ತಿತು. ಅದೇ ನಂಬರ್.

"ಯಾಕ ಇಡವಲ್ಲಳಕಿ?"

"ನಿಮ್ಮ ದನಿ ಕೇಳ್ತಿದಾರೆ, ಅಕ್ಕ."

ಗೌರಕ್ಕ ಆ ದೀಪವನ್ನೇ ನೋಡುತ್ತಾ ನಿಂತರು. ಮಂಜು ಕಿಟಕಿಗೆ ಒತ್ತಿಕೊಂಡು ನಿಂತಿದೆ, ಹೊರಗೆ ಊರೇ ಇಲ್ಲವೇನೋ ಅನ್ನಿಸುತ್ತಿದೆ. ಇಳಕಲ್ಲಿನ ಅಡುಗೆಮನೆ ಈ ಗೋಡೆಯ ಆಚೆಗೇ ಇದೆ, ಬಾಗಿಲು ತೆರೆದರೆ ನೀಲಾ ಸಿಗುತ್ತಾರೆ ಅನ್ನಿಸಿತು ನನಗೆ.

ದೀಪ ಆರಿತು.

"ಇದೊಂದು ನಂಬರಿಗೆ ಮೊದಲಿನ ಥರ ಬರೀ ರಿಂಗ್ ಆಗೋ ಹಾಗೆ ಮಾಡ್ಲಾ?" ಎಂದೆ. ಎರಡು ನಿಮಿಷದ ಕೆಲಸ ಅದು. ಅವರು ತಟ್ಟಿದ್ದ ರೊಟ್ಟಿಯನ್ನು ಹಂಚಿಗೆ ಹಾಕಿದರು.

ಮೂರನೆಯ ಸಲ ಹೊತ್ತಿದಾಗ ಕೈ ಒರೆಸಿಕೊಂಡು ಹತ್ತಿರ ಬಂದರು. "ಯಾವ ಬಟನ್ನವಾ?"

ತೋರಿಸಿದೆ. ಒತ್ತಿ, ರಿಸೀವರ್ ಎತ್ತಿಕೊಂಡರು. ಇಲ್ಲಿ ಇವರು ಮಾತಾಡುತ್ತಿಲ್ಲ. ಅಲ್ಲಿ ಅವರೂ ಮಾತಾಡುತ್ತಿಲ್ಲ. ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು, ನಾನು ಹೋಗಿ ಒಲೆ ಆರಿಸಿದೆ.

ಕೊನೆಗೆ ಗೌರಕ್ಕ ಹೇಳಿದರು.

"ನಿನ್ನ ರೊಕ್ಕ ಹೊಂಟಾವ, ಇಡು. ನಾನ ಮಾಡ್ತೀನಿ."

ಇಟ್ಟು, ತಾವೇ ಡಯಲ್ ಮಾಡಿದರು. ಈ ಸಲ ಒಂದು ರಿಂಗಿಗೆ ಕಟ್ ಮಾಡಲಿಲ್ಲ.

ನಾನು ಲ್ಯಾಪ್‌ಟಾಪ್ ಮುಚ್ಚಿ ಹೊರಗೆ ಬಂದು, ಮಂಜಿನಲ್ಲಿ ತುಂಬಾ ಹೊತ್ತು ನಿಂತಿದ್ದೆ.

ನೀವು ಮಾತು ಬಿಟ್ಟವರ ದನಿ ಕೇಳಿ ಎಷ್ಟು ದಿನವಾಯಿತು?